ಸೂರ್ಯನ ಕಲೆಗೂ ನಮ್ಮೂರ ಮಳೆಗೂ ನಂಟಿದೆಯೇ? ಅಪ್ಪನ ಮಳೆ ಪುಸ್ತಕ ಮುಂದಿಟ್ಟುಕೊಂಡು ಕೇಳುತ್ತಿದ್ದೇನೆ

ನೀರ್ಚಾಲಿನ ಕೃಷಿಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳಿವೆ. 1978ರ ಜೂನ್‌ನಲ್ಲಿ ಆರಂಭಿಸಿದ್ದು. ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಬದಿಯ ಮಳೆಮಾಪಕದಿಂದ ನೀರು ತೆಗೆದು, ಗಾಜಿನ ಅಳತೆ ಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆಯುತ್ತಿದ್ದರು. ಆಟಿ ತಿಂಗಳ ಪುಟಗಳಲ್ಲಿ ಅಲ್ಲಲ್ಲಿ ಶಾಯಿ ಹರಡಿದೆ, ಒಂದು ಕೈಯಲ್ಲಿ ಕೊಡೆ ಹಿಡಿದೇ ಬರೆದದ್ದು. ಅಪ್ಪ 2016ರಲ್ಲಿ ತೀರಿಕೊಂಡ ಮೇಲೆ ನಾನು ಮುಂದುವರಿಸಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಮೊಬೈಲಿಗೆ ಒಂದು ವಿಡಿಯೋ ಬಂತು. ಸೂರ್ಯ ಈಗ ಹನ್ನೊಂದು ವರ್ಷದ ಚಕ್ರದ ತುದಿಯಲ್ಲಿದ್ದಾನೆ, ಅದಕ್ಕೇ ಈ ವರ್ಷ ಮೇ ಕೊನೆಯ ಪತ್ತನಾಜೆಯ ಹೊತ್ತಿಗೇ ಮಳೆಗಾಲ ಶುರುವಾಯಿತು, 2030ರ ಆಸುಪಾಸಿನಲ್ಲಿ ಸೂರ್ಯ ತಣ್ಣಗಾಗುವಾಗ ನಮ್ಮ ಕರಾವಳಿಗೆ ಬರಗಾಲ ಖಂಡಿತ ಎಂದು ಅದರಲ್ಲಿ ಹೇಳಿದ್ದರು. ಮೊದಲು ಗಣನೆಗೆ ತೆಗೆದುಕೊಳ್ಳಲಿಲ್ಲ. ಆಮೇಲೆ ಕುತೂಹಲ ತಡೆಯದೆ ಅಪ್ಪನ ಪುಸ್ತಕಗಳನ್ನು ಇಳಿಸಿ, ವರ್ಷವರ್ಷದ ಮೊತ್ತವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ, ಅದರ ಕೆಳಗೆ ಸೌರಕಲೆಗಳ, ಅಂದರೆ ಸೂರ್ಯನ ಮೈಮೇಲೆ ಕಾಣುವ ಕಪ್ಪು ಚುಕ್ಕೆಗಳ, ಸಂಖ್ಯೆಯ ಗೆರೆ ಎಳೆದೆ. 2008ರ ಕೊನೆಯಲ್ಲಿ ಕಲೆಗಳು ಅತಿ ಕಡಿಮೆಯಾಗಿದ್ದವು. ಅದಕ್ಕೆ ಹಿಂದಿನ ಏಳೆಂಟು ವರ್ಷ ನಮ್ಮ ಪುಸ್ತಕದಲ್ಲಿ ಮಳೆ ಇಳಿಮುಖ. 2009ರಿಂದ ಎರಡೂ ಗೆರೆ ಒಟ್ಟಿಗೆ ಮೇಲೇರಿ 2014ರವರೆಗೆ ಜೋಡಿಯಾಗಿ ಹೋಗುತ್ತವೆ. ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಗುಡ್ಡದ ಬದಿಗೆ ಮುನ್ನೂರು ಅಡಿಕೆ ಸಸಿ ಹಾಕಬೇಕೆಂದಿದ್ದೇನೆ. 2030ಕ್ಕೆ ಬರಗಾಲವೆಂದಾದರೆ ಸಸಿ ಫಸಲಿಗೆ ಬರುವ ಹೊತ್ತಿಗೇ ನೀರಿಲ್ಲದಂತಾಗುತ್ತದೆ. ಸಾಲ ಮಾಡಿ ಕೊಳವೆಬಾವಿ ಕೊರೆಸುವುದೋ, ಹಳೆಯ ಕೆರೆಯ ಹೂಳೆತ್ತಿಸುವುದೋ, ಸಸಿಯ ಯೋಚನೆಯನ್ನೇ ಬಿಡುವುದೋ? ತಿಳಿದವರು ದಯವಿಟ್ಟು ಹೇಳಿ.

ಮುಳ್ಳೇರಿಯದ ತೋಟ

ಅದೇ ವಿಡಿಯೋ ನನಗೂ ಬಂದಿದೆ. ನಮ್ಮ ನೆರೆಯವರು ಅದನ್ನು ನೋಡಿಯೇ ಕೊಳವೆಬಾವಿಯ ಲಾರಿಗೆ ಮುಂಗಡ ಕೊಟ್ಟಿದ್ದಾರೆ. ನನಗಂತೂ ಸುಳ್ಳೆಂದು ಅನ್ನಿಸುವುದಿಲ್ಲ. 2023 ನೆನಪಿದೆಯಲ್ಲ? ಆಗಸ್ಟ್‌ನಲ್ಲಿ ಗದ್ದೆ ಬಿರುಕು ಬಿಟ್ಟಿತು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರು ಮರುವರ್ಷ ಶಿವರಾತ್ರಿಗೆ ಮೊದಲೇ ಬೆರಳಿನಷ್ಟು ತೆಳ್ಳಗಾಗಿತ್ತು. ಹನ್ನೆರಡು ವರ್ಷಕ್ಕೊಮ್ಮೆ ನೀರು ಕೈಕೊಡುತ್ತದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಹನ್ನೊಂದು, ಹನ್ನೆರಡು ಹತ್ತಿರ ಹತ್ತಿರವೇ ಅಲ್ಲವೇ? ಹಿರಿಯರು ಕಣ್ಣಾರೆ ಕಂಡಿದ್ದನ್ನು ಈಗ ವಿಜ್ಞಾನಿಗಳು ಹೇಳುತ್ತಿದ್ದಾರೆ ಎಂದು ನಾನು ತಿಳಿದಿದ್ದೇನೆ.

ನಿವೃತ್ತ ಟೀಚರ್, ಕಾಸರಗೋಡು

ನೀರ್ಚಾಲಿನವರೇ, ನಿಮ್ಮ ತಂದೆಯವರ ಪುಸ್ತಕದ ವಿಷಯ ಓದಿ ಕಣ್ಣು ತುಂಬಿತು. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಸೌರಚಕ್ರ ಪತ್ತೆಯಾದದ್ದೂ ನಿಮ್ಮ ತಂದೆಯವರಂಥ ಒಬ್ಬರಿಂದಲೇ. ಜರ್ಮನಿಯ ಶ್ವಾಬೆ ಎಂಬವರು ಔಷಧದ ಅಂಗಡಿ ನಡೆಸುತ್ತಿದ್ದವರು. ಬುಧನಿಗಿಂತ ಒಳಗೆ ಬೇರೊಂದು ಗ್ರಹ ಇರಬಹುದೆಂದು ಹುಡುಕುತ್ತ 1826ರಿಂದ ಬಿಸಿಲಿದ್ದ ದಿನಗಳಲ್ಲೆಲ್ಲ ಸೂರ್ಯನ ಕಲೆಗಳನ್ನು ಎಣಿಸಿ ಬರೆದಿಟ್ಟರು. ಗ್ರಹ ಸಿಗಲಿಲ್ಲ. ಹದಿನೇಳು ವರ್ಷದ ಲೆಕ್ಕ ಮುಂದಿಟ್ಟುಕೊಂಡಾಗ ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುವುದು ಕಂಡಿತು. ಈಗ ಆ ಅವಧಿ ಸರಾಸರಿ ಹನ್ನೊಂದು ವರ್ಷವೆಂದು ತಿಳಿದಿದೆ. 1755ರಿಂದ ಎಣಿಸಿದರೆ ಈಗ ನಡೆಯುತ್ತಿರುವುದು 25ನೆಯ ಚಕ್ರ. 2019ರ ಡಿಸೆಂಬರ್‌ನಲ್ಲಿ ಆರಂಭವಾಗಿ 2024ರ ಅಕ್ಟೋಬರ್ ಹೊತ್ತಿಗೆ ಶಿಖರ ಮುಟ್ಟಿತು. ಅಷ್ಟರ ಮಟ್ಟಿಗೆ ವಿಡಿಯೋದವರು ಹೇಳಿದ್ದು ಸರಿ.

ಮಳೆಗೂ ಕಲೆಗೂ ನಂಟು ಹುಡುಕಿದ ಕತೆ ನಮ್ಮದೇ ನೆಲದ್ದು. 1956ರವರೆಗೆ ಕಾಸರಗೋಡು ಮದ್ರಾಸು ಸೀಮೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಲ್ಲ. ಆ ಮದ್ರಾಸು ಸೀಮೆಯಲ್ಲಿ 1876ರಿಂದ 78ರವರೆಗೆ ಭೀಕರ ಕ್ಷಾಮ ಬಂತು, ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಸೂರ್ಯನ ಕಲೆಗಳು ತೀರಾ ಕಡಿಮೆಯಿದ್ದ ವರ್ಷಗಳವು. 1877ರಲ್ಲಿ ಸರ್ಕಾರದ ಅಂಕಿಅಂಶ ವಿಭಾಗದ ಮುಖ್ಯಸ್ಥ ಹಂಟರ್ ಮದ್ರಾಸಿನ ಹಳೆಯ ಮಳೆ ಲೆಕ್ಕ ತೆಗೆದು, ಕಲೆ ಕಡಿಮೆಯಾದಾಗ ಮಳೆ ಕಡಿಮೆಯಾಗಿ ಕ್ಷಾಮ ಬರುತ್ತದೆ ಎಂದು ವಾದಿಸಿದರು. ಖಗೋಳ ವಿಜ್ಞಾನಿ ನಾರ್ಮನ್ ಲಾಕ್ಯರ್ ಕೂಡ ಅವರ ಜೊತೆಗೂಡಿ ಬರೆದರು. ಆದರೆ ಮದ್ರಾಸು ಪಟ್ಟಣಕ್ಕೆ ಹೆಚ್ಚು ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನಮಗೆ ಜೂನ್, ಜುಲೈ, ಆಗಸ್ಟ್. ಒಂದು ಪಟ್ಟಣದ ಮಳೆಮಾಪಕ ನೋಡಿ ಇಡೀ ದಕ್ಷಿಣ ಭಾರತದ ಹಣೆಬರಹ ಹೇಳಲು ಹೊರಟರೆ ಎಡವುವುದು ಅಲ್ಲೇ.

ಕೊಡೈಕೆನಾಲಿನ ಸೌರ ವೀಕ್ಷಣಾಲಯ ಹುಟ್ಟಿದ್ದರ ಹಿಂದೆಯೂ ಆ ಕ್ಷಾಮದ ನೆನಪಿದೆ. ಸೂರ್ಯನನ್ನು ಸರಿಯಾಗಿ ಗಮನಿಸಿದರೆ ಮಳೆಗಾಲದ ಗುಟ್ಟು ತಿಳಿದೀತು ಎಂಬ ಆಸೆಯಿಂದ 1899ರಲ್ಲಿ ಅದನ್ನು ಸ್ಥಾಪಿಸಿದರು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ನೂರು ವರ್ಷಕ್ಕೂ ಹಿಂದಿನ ಸೂರ್ಯನ ಚಿತ್ರಗಳನ್ನು ಅಲ್ಲಿ ಕಂಡು ಬೆರಗಾಗಿದ್ದೆ. ಕಪ್ಪು ಚುಕ್ಕೆಗಳು ಎಷ್ಟು ಸ್ಪಷ್ಟ!

ಮುಂದಿನ ಕತೆ ಗಿಲ್ಬರ್ಟ್ ವಾಕರ್ ಅವರದು. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಣಿತಜ್ಞ. ಪ್ರಪಂಚದ ನಾನಾ ಊರುಗಳ ಮಳೆ, ಒತ್ತಡ, ತಾಪಮಾನಗಳನ್ನು ಕಲೆಗಳ ಸಂಖ್ಯೆಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಿದರು. ನಂಟು ತೀರಾ ದುರ್ಬಲವಾಗಿ ಕಂಡಿತು. ಅದನ್ನು ಬಿಟ್ಟು ಬೇರೆ ಕಡೆ ಹುಡುಕಿದಾಗ ಸಿಕ್ಕಿದ್ದು ಶಾಂತ ಸಾಗರ ಮತ್ತು ಹಿಂದೂ ಸಾಗರಗಳ ನಡುವೆ ಗಾಳಿಯ ಒತ್ತಡ ತಕ್ಕಡಿಯಂತೆ ಏರಿಳಿಯುವ ದಕ್ಷಿಣ ಆಂದೋಲನ. ಇಂದು ನಾವು ಎಲ್ ನಿನೋ, ಅಂದರೆ ಶಾಂತ ಸಾಗರದ ನಡುವಿನ ಮತ್ತು ಪೂರ್ವದ ನೀರು ವಾಡಿಕೆಗಿಂತ ಬಿಸಿಯಾಗುವುದು, ಎನ್ನುವಾಗಲೆಲ್ಲ ಅದರ ಅರ್ಧ ಭಾಗ ವಾಕರ್ ಅವರದ್ದೇ.

ಬದಿಯಡ್ಕದಿಂದ

ಟೀಚರ್, ಒಂದು ಸಂಶಯ. ನಮ್ಮ ಪಂಚಾಂಗದಲ್ಲಿ ಮಳೆಗೆ ಹೆಸರಿಡುವುದೇ ಸೂರ್ಯನನ್ನು ನೋಡಿಯಲ್ಲವೇ? ಸೂರ್ಯ ಆರ್ದ್ರಾ ನಕ್ಷತ್ರಕ್ಕೆ ಬಂದರೆ ಆರಿದ್ರಾ ಮಳೆ, ಮಘಾಕ್ಕೆ ಬಂದರೆ ಮಘೆ ಮಳೆ. ಕೃಷಿಯ ಲೆಕ್ಕವೆಲ್ಲ ಅದರ ಮೇಲೆ ನಡೆದಿದೆ. ಹಾಗಿರುವಾಗ ಸೂರ್ಯನಿಗೂ ಮಳೆಗೂ ನಂಟು ದುರ್ಬಲ ಎನ್ನುವುದು ಹೇಗೆ?

ನಿವೃತ್ತ ಟೀಚರ್, ಕಾಸರಗೋಡು

ಒಳ್ಳೆಯ ಪ್ರಶ್ನೆ. ಅಲ್ಲಿ ಎರಡು ಬೇರೆ ಸಂಗತಿಗಳಿವೆ. ಸೂರ್ಯ ಆಕಾಶದಲ್ಲಿ ಎಲ್ಲಿ ಇದ್ದಾನೆ ಎಂಬುದು ಒಂದು, ಅವನ ಮೈಯಲ್ಲಿ ಏನು ನಡೆಯುತ್ತಿದೆ ಎಂಬುದು ಇನ್ನೊಂದು. ಮಳೆ ನಕ್ಷತ್ರಗಳು ಮೊದಲನೆಯದರ ಲೆಕ್ಕ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಸೂರ್ಯ ಉತ್ತರಕ್ಕೆ ಸರಿದು ಏಷ್ಯಾದ ನೆಲ ಕಾಯುವುದರಿಂದಲೇ ಮುಂಗಾರು ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆ ಲೆಕ್ಕ ಎಷ್ಟು ಬಲವಾದದ್ದೆಂದರೆ, ಭೂಮಿ ಸೂರ್ಯನಿಂದ ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಜನವರಿಗಿಂತ ನೂರಕ್ಕೆ ಸುಮಾರು ಏಳರಷ್ಟು ಕಡಿಮೆ ಬಿಸಿಲು ಭೂಮಿಗೆ ಸಿಗುವಾಗ, ಆದರೂ ನಮ್ಮಲ್ಲಿ ಮಳೆ ಜಡಿಯುತ್ತದೆ. ಭೂಮಿಯ ವಾಲಿಕೆಯ ಕೆಲಸ ಅದು. ಕಲೆಗಳ ಪ್ರಶ್ನೆ ಎರಡನೆಯ ಸಂಗತಿ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಇಲ್ಲಿದ್ದಾನೆ. ಮಂಜೇಶ್ವರದವನೇ, ಓದುತ್ತಿದ್ದೀಯಾ?

ಮುಳ್ಳೇರಿಯದವರ ಅಜ್ಜ ಹೇಳಿದ ಹನ್ನೆರಡು ವರ್ಷ ಗುರು ಗ್ರಹದ್ದಿರಬಹುದು. ಗುರು ರಾಶಿಚಕ್ರ ಸುತ್ತಲು ಸುಮಾರು ಹನ್ನೆರಡು ವರ್ಷ ಬೇಕು. ಸೌರಚಕ್ರ ಹಾಗೆ ಗಡಿಯಾರದಂತೆ ನಡೆಯುವುದಿಲ್ಲ, ಒಮ್ಮೆ ಒಂಬತ್ತು ವರ್ಷ, ಒಮ್ಮೆ ಹದಿಮೂರು.

ಹವಾಮಾನ ವಿದ್ಯಾರ್ಥಿ, ಮಂಜೇಶ್ವರ

ಓದುತ್ತಿದ್ದೇನೆ ಟೀಚರ್. ಹಾಸ್ಟೆಲಿನಲ್ಲಿ ಕುಳಿತು ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೆ.

ಮೊದಲು ಗಾತ್ರದ ಲೆಕ್ಕ. ಭೂಮಿಯ ವಾತಾವರಣದ ಹೊರಗೆ ಒಂದು ಚದರ ಮೀಟರಿಗೆ ಸೂರ್ಯನಿಂದ ಸುಮಾರು 1,361 ವಾಟ್ ಶಕ್ತಿ ಬರುತ್ತದೆ. ಚಕ್ರದ ಶಿಖರಕ್ಕೂ ತಳಕ್ಕೂ ಇರುವ ವ್ಯತ್ಯಾಸ ನೂರಕ್ಕೆ 0.1, ಅಂದರೆ ಒಂದು ವಾಟಿನ ಆಸುಪಾಸು. ಕಲೆಗಳು ಕಪ್ಪಗಿದ್ದರೂ ಕಲೆ ಹೆಚ್ಚಿದಾಗ ಸೂರ್ಯ ಕೊಂಚ ಹೆಚ್ಚು ಹೊಳೆಯುತ್ತಾನೆ, ಏಕೆಂದರೆ ಆಗ ಕಲೆಗಳ ಸುತ್ತಲಿನ ಪ್ರಕಾಶಮಾನ ಭಾಗಗಳೂ ಹೆಚ್ಚುತ್ತವೆ. ಈ ಒಂದು ವಾಟನ್ನು ದುಂಡಗಿನ ಭೂಮಿಯ ಮೇಲೆಲ್ಲ ಹರಡಿ, ಮೋಡ ಹಿಮಗಳು ಹಿಂದಕ್ಕೆ ಕಳುಹಿಸುವುದನ್ನು ಕಳೆದರೆ ಉಳಿಯುವುದು ಚದರ ಮೀಟರಿಗೆ 0.2 ವಾಟಿಗಿಂತಲೂ ಕಡಿಮೆ. ಇದರಿಂದ ಭೂಮಿಯ ಸರಾಸರಿ ತಾಪಮಾನ ಹೆಚ್ಚೆಂದರೆ 0.1 ಡಿಗ್ರಿಯಷ್ಟು ಏರಿಳಿಯುತ್ತದೆ.

ಇದನ್ನು ನಮ್ಮ ಅಂಗಳಕ್ಕೆ ಇಳಿಸೋಣ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ತೇವ ಹಿಡಿಯಬಲ್ಲದು. 0.1 ಡಿಗ್ರಿಗೆ 0.7ರಷ್ಟು. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆ ಹೆಚ್ಚಿನ ತೇವವೆಲ್ಲ ಮಳೆಯಾಗಿ ನಮ್ಮಲ್ಲೇ ಬಿದ್ದರೂ ಸಿಗುವುದು 25 ಮಿಲಿಮೀಟರ್. ಒರಟು ಲೆಕ್ಕವೇ ಇದು, ಆದರೆ ಅಂದಾಜು ಕೊಡುತ್ತದೆ. ಆ 25 ಮಿಲಿಮೀಟರ್ ಎಂದರೆ ಜೂನ್ ತಿಂಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ಜಡಿದು, ಮಕ್ಕಳು ಮನೆ ಸೇರುವಷ್ಟರಲ್ಲಿ ನಿಲ್ಲುವ ಒಂದು ಮಳೆ.

ಹಾಗಾದರೆ ವಿಜ್ಞಾನಿಗಳು ಇದನ್ನು ಇನ್ನೂ ಏಕೆ ಬಿಟ್ಟಿಲ್ಲ? ಚಿಕ್ಕ ಬದಲಾವಣೆಯನ್ನು ದೊಡ್ಡದು ಮಾಡುವ ದಾರಿಗಳು ಇರಬಹುದು ಎಂಬ ಕಾರಣಕ್ಕೆ. ಒಂದು ದಾರಿ ಮೇಲಿನಿಂದ ಕೆಳಕ್ಕೆ. ಒಟ್ಟು ಬೆಳಕು ಹೆಚ್ಚು ಬದಲಾಗದಿದ್ದರೂ ನೇರಳಾತೀತ ಕಿರಣಗಳ ಕೆಲವು ಭಾಗ ಚಕ್ರದೊಂದಿಗೆ ನೂರಕ್ಕೆ ಹಲವು ಪಾಲು ಬದಲಾಗುತ್ತದೆ. ಅದನ್ನು ಹೀರುವುದು ಓಝೋನ್. ಮೇಲಿನ ಪದರದ ಗಾಳಿ ಬಿಸಿಯಾಗಿ, ಅಲ್ಲಿನ ಗಾಳಿಯ ಓಟ ಬದಲಾಗಿ, ಅದರ ಪರಿಣಾಮ ಕೆಳಗಿನ ಮಳೆ ಪಟ್ಟಿಗಳವರೆಗೆ ಇಳಿಯಬಹುದು. ಇನ್ನೊಂದು ದಾರಿ ಸಮುದ್ರದಿಂದ ಮೇಲಕ್ಕೆ. ಮೋಡವಿಲ್ಲದ ಕಡಲ ಭಾಗಗಳಲ್ಲಿ ಬಿಸಿಲು ಕೊಂಚ ಹೆಚ್ಚಿದರೆ ಅಲ್ಲಿಂದ ಹೆಚ್ಚು ತೇವ ಎದ್ದು ಮಳೆ ಬೀಳುವ ಜಾಗಕ್ಕೆ ಹೋಗುತ್ತದೆ, ಗಾಳಿ ಬಲಗೊಳ್ಳುತ್ತದೆ. ಶಾಂತ ಸಾಗರದ ಬಗ್ಗೆ 2009ರಲ್ಲಿ ಈ ಎರಡನ್ನೂ ಗಣಕ ಮಾದರಿಯಲ್ಲಿ ಕೂಡಿಸಿ ನೋಡಿದಾಗ ಪರಿಣಾಮ ಒಂದೊಂದರದ್ದಕ್ಕಿಂತ ದೊಡ್ಡದಾಗಿ ಕಂಡಿತು. ಮೂರನೆಯದು ವಿಶ್ವಕಿರಣಗಳು, ಅಂದರೆ ದೂರದ ಆಕಾಶದಿಂದ ಬರುವ ಅತಿ ವೇಗದ ಕಣಗಳು. ಸೂರ್ಯ ಶಾಂತನಿದ್ದಾಗ ಹೊರಗಿನ ವಿಶ್ವಕಿರಣಗಳು ಹೆಚ್ಚು ನುಗ್ಗಿ ಮೋಡದ ಬೀಜ ಕಟ್ಟಲು ನೆರವಾಗುತ್ತವೆ ಎಂಬ ವಾದ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಇದಕ್ಕೆಂದೇ ಪ್ರಯೋಗ ನಡೆಸುತ್ತಿದ್ದಾರೆ. ಕಣ ಕಟ್ಟಲು ಸ್ವಲ್ಪ ನೆರವು ನಿಜ, ಈಗಿನ ಮೋಡಗಳ ಮೇಲೆ ಪರಿಣಾಮ ಅಲ್ಪ ಎಂದೇ ಕಂಡುಬಂದಿದೆ. ವಿಡಿಯೋಗಳಲ್ಲಿ ಹೆಚ್ಚು ಓಡಾಡುವುದು ಈ ಮೂರನೆಯದೇ.

ಮುಳ್ಳೇರಿಯದ ತೋಟ

ತಮ್ಮಾ, ಲೆಕ್ಕ ಚೆನ್ನಾಗಿದೆ. ಆದರೆ ಕಣ್ಣಿಗೆ ಕಾಣುವುದನ್ನು ಏನು ಮಾಡೋಣ? ಕೇರಳದವರು ತಮ್ಮ ಪಂಚಾಂಗದ 1099ನೆಯ ವರ್ಷದ್ದೆಂದು 99ರ ನೆರೆ ಎನ್ನುವ 1924ರ ಮಹಾಪ್ರವಾಹ ಬಂದಾಗ ಸೂರ್ಯ ತಳದಲ್ಲಿದ್ದ. ಅದರ ಹಿಂದಿನ ವರ್ಷ ನೇತ್ರಾವತಿ ಉಕ್ಕಿದ ಮಾರಿಬೊಳ್ಳವೂ ಹಾಗೆಯೇ. 2018ರ ಆಗಸ್ಟ್‌ನ ಪ್ರವಾಹದ ಹೊತ್ತಿಗೂ ಸೂರ್ಯ ತಳದ ಹತ್ತಿರ. ಮೂರು ಸಲ ಆಕಸ್ಮಿಕವೇ?

ಬೆಂಗಳೂರಿನಲ್ಲಿರುವ ಪೈವಳಿಕೆಯವ

ನಾನೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇಲ್ಲಿ ನಂಟೇ ಇಲ್ಲ ಎಂಬ ಕಡೆಗೆ ಮಾತು ವಾಲುತ್ತಿದೆ. ರೊದ್ದಂ ನರಸಿಂಹ ಅವರ ಹೆಸರು ಎಲ್ಲರೂ ಕೇಳಿರುತ್ತೀರಿ, ಬೆಂಗಳೂರಿನ ದೊಡ್ಡ ವಾಯುವಿಜ್ಞಾನಿ. ಅವರೂ ಸುಬರ್ಣಾ ಭಟ್ಟಾಚಾರ್ಯ ಅವರೂ 2005ರಲ್ಲಿ 1871ರಿಂದ 1990ರವರೆಗಿನ ಭಾರತದ ಏಳು ಮಳೆ ಸೂಚ್ಯಂಕಗಳನ್ನು ಪರೀಕ್ಷಿಸಿದರು. ಸೂರ್ಯ ಹೆಚ್ಚು ಚುರುಕಾಗಿದ್ದ ಕಾಲದಲ್ಲಿ ಏಳರಲ್ಲೂ ಸರಾಸರಿ ಮಳೆ ಹೆಚ್ಚಿತ್ತು. ಏಳರಲ್ಲಿ ಮೂರರಲ್ಲಿ ಅದು ಆಕಸ್ಮಿಕವಲ್ಲ ಎಂಬ ಭರವಸೆ ನೂರಕ್ಕೆ 95 ಅಥವಾ ಅದಕ್ಕಿಂತ ಮೇಲೆ. ಓಮಾನಿನ ಗುಹೆಯ ಸುಣ್ಣದ ಕಂಬದಲ್ಲೂ ಇಂಥ ಗುರುತಿದೆ. ನೀರು ತೊಟ್ಟಿಕ್ಕಿ ಪದರ ಪದರವಾಗಿ ಬೆಳೆದ ಆ ಕಂಬದಲ್ಲಿ ಸುಮಾರು 9,000ದಿಂದ 6,000 ವರ್ಷ ಹಿಂದಿನ ಮುಂಗಾರಿನ ಏರಿಳಿತ ಸೂರ್ಯನ ಏರಿಳಿತಕ್ಕೆ ಹೊಂದುತ್ತದೆ ಎಂದು 2001ರಲ್ಲಿ ಪ್ರಕಟವಾಯಿತು. ಅಂಥವರು ಗಂಭೀರವಾಗಿ ತೆಗೆದುಕೊಂಡ ಪ್ರಶ್ನೆಯನ್ನು ನಾವು ಒಂದು ವಿಡಿಯೋದ ಮೇಲಿನ ಸಿಟ್ಟಿಗೆ ತಳ್ಳಿಹಾಕಬಾರದು.

ಹವಾಮಾನ ವಿದ್ಯಾರ್ಥಿ, ಮಂಜೇಶ್ವರ

ಪೈವಳಿಕೆಯ ಅಣ್ಣ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಂಟೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಾವಿರಾರು ವರ್ಷಗಳ ಲೆಕ್ಕದಲ್ಲಿ, ಅಥವಾ ದೇಶದಷ್ಟು ಅಗಲದ ನೆಲದ ನೂರಿಪ್ಪತ್ತು ವರ್ಷದ ಸರಾಸರಿಯಲ್ಲಿ ಸೂರ್ಯನ ಸಣ್ಣ ಗುರುತು ಕಂಡರೆ ಆಶ್ಚರ್ಯವಿಲ್ಲ. ಸರಾಸರಿ ತೆಗೆದಾಗ ಉಳಿದ ಗದ್ದಲ ಒಂದಕ್ಕೊಂದು ಕಳೆದುಹೋಗುತ್ತದೆ. ಒಂದೇ ಅಂಗಳದ ಒಂದೇ ವರ್ಷದಲ್ಲಿ ಆ ಗದ್ದಲವೇ ಎಲ್ಲ.

ಇನ್ನು ಮುಳ್ಳೇರಿಯದ ಅಣ್ಣನ ಪ್ರಶ್ನೆ. ಗಮನಿಸಿ, ಈಗ ನೀವು ಹೇಳಿದ್ದು ವಿಡಿಯೋಕ್ಕೆ ತದ್ವಿರುದ್ಧ. ವಿಡಿಯೋ ಪ್ರಕಾರ ಸೂರ್ಯ ತಳದಲ್ಲಿದ್ದರೆ ಬರ, ನಿಮ್ಮ ಉದಾಹರಣೆಗಳಲ್ಲಿ ಸೂರ್ಯ ತಳದಲ್ಲಿದ್ದಾಗ ನೆರೆ. ವಯನಾಡಿನ ಗುಡ್ಡ ಕುಸಿದ 2024ರ ಜುಲೈ 30ರ ಮಳೆ ಬಂದದ್ದು ಸೂರ್ಯ ಶಿಖರದಲ್ಲಿದ್ದಾಗ. ಬಂಟ್ವಾಳ ಮುಳುಗಿದ 1974 ನಡುವಿನ ಇಳಿಜಾರಿನಲ್ಲಿ.

ದೇಶದ ದೊಡ್ಡ ಬರಗಳನ್ನು ನೋಡಿದರೆ ನಿಜವಾಗಿಯೂ ಯೋಚಿಸುವಂತಾಗುತ್ತದೆ. 1877, 1965, 1987, 2009, ಈ ನಾಲ್ಕೂ ಸೂರ್ಯನ ತಳದ ಹತ್ತಿರ. ಹಂಟರ್ ಏಕೆ ಹಾಗೆ ನಂಬಿದರೆಂದು ಇದರಿಂದ ಅರ್ಥವಾಗುತ್ತದೆ. ಆದರೆ 1918 ಮತ್ತು 2002 ಶಿಖರದ ಹತ್ತಿರ, 1899 ಮತ್ತು 1972 ಇಳಿಜಾರಿನಲ್ಲಿ. ತಳ ಮುಟ್ಟಿದರೂ ಬರ ಬಾರದ ವರ್ಷಗಳೂ ಇವೆ: 1996ರಲ್ಲಿ ಸಾಮಾನ್ಯ ಮಳೆ, 2019ರಲ್ಲಂತೂ ದೇಶಕ್ಕೆ ವಾಡಿಕೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು. ಈಗ ಆ ಎಂಟು ಬರಗಳನ್ನೇ ಎಲ್ ನಿನೋ ಪಟ್ಟಿಯ ಪಕ್ಕದಲ್ಲಿಡಿ. ಎಂಟೂ ಎಲ್ ನಿನೋ ವರ್ಷಗಳೇ. ನಾವೆಲ್ಲ ನೊಂದ 2023 ಕೂಡ ಎಲ್ ನಿನೋ ವರ್ಷ, ಸೂರ್ಯ ಶಿಖರದತ್ತ ಏರುತ್ತಿದ್ದ ವರ್ಷ. ಆ ಮುಂಗಾರಿನಲ್ಲಿ ಕೇರಳಕ್ಕೆ ನೂರಕ್ಕೆ 34ರಷ್ಟು ಕೊರತೆಯಾಯಿತು. ಎಲ್ ನಿನೋ ಬಂದರೆ ಬರ ಖಚಿತ ಎಂದೂ ಅಲ್ಲ, 1997ರಲ್ಲಿ ಬಲವಾದ ಎಲ್ ನಿನೋ ಇದ್ದರೂ ದೇಶಕ್ಕೆ ಮಳೆ ಸರಿಯಾಗಿಯೇ ಬಂತು.

ಒಂದು ಎಚ್ಚರಿಕೆಯ ಕತೆಯನ್ನೂ ಹೇಳುತ್ತೇನೆ. ಆಫ್ರಿಕಾದ ವಿಕ್ಟೋರಿಯಾ ಸರೋವರದ ನೀರಿನ ಮಟ್ಟ ಸೌರಕಲೆಗಳ ಜೊತೆ ಸೊಗಸಾಗಿ ಏರಿಳಿಯುತ್ತದೆ ಎಂದು 1923ರಲ್ಲಿ ಬ್ರೂಕ್ಸ್ ಎಂಬ ಹವಾಮಾನ ತಜ್ಞ ತೋರಿಸಿದರು. ಎರಡು ಚಕ್ರಗಳಷ್ಟು ಕಾಲ ಗೆರೆಗಳು ಅಂಟಿಕೊಂಡಂತೆ ಇದ್ದವು. ಜನ ಅದನ್ನು ನಂಬಿ ಮುಂದಿನದನ್ನು ಲೆಕ್ಕ ಹಾಕಹೊರಟಾಗ ಹೊಂದಿಕೆ ಮುರಿದುಬಿತ್ತು. ನೀರ್ಚಾಲಿನವರ ಪುಸ್ತಕದಲ್ಲಿ 47 ವರ್ಷ ಇದೆ, ಅಂದರೆ ಸೂರ್ಯನ ಲೆಕ್ಕದಲ್ಲಿ ನಾಲ್ಕೇ ನಾಲ್ಕು ಚಕ್ರ. ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ನಾಲ್ಕೂ ಸಲ ಒಂದೇ ಮುಖ ಬೀಳುವ ಸಾಧ್ಯತೆ ಎಂಟರಲ್ಲಿ ಒಂದು. ಆಗಬಾರದ್ದೇನೂ ಅಲ್ಲ.

ಅಣ್ಣ, ನಿಮ್ಮ ಗ್ರಾಫ್‌ನಲ್ಲಿ 2009ರಿಂದ ಗೆರೆ ಒಮ್ಮೆಲೇ ಮೇಲೇರುತ್ತದೆ ಎಂದಿರಿ. ಆದರೆ 2009 ದೇಶಕ್ಕೆ ಬರದ ವರ್ಷ. ಅದು ನನ್ನನ್ನು ಕಾಡುತ್ತಿದೆ. ಆ ವರ್ಷ ಮಳೆಮಾಪಕ ಬದಲಾಯಿಸಿದ್ದಿರೇ? ಜಾಗ ಬದಲಾಯಿಸಿದ್ದಿರೇ?

ನೀರ್ಚಾಲಿನ ಕೃಷಿಕ

ಇಲ್ಲ ತಮ್ಮಾ. ಅದೇ ಮಾಪಕ, ಅದೇ ಮುರಕಲ್ಲಿನ ಕಟ್ಟೆಯ ಪಕ್ಕ. ಅಪ್ಪ ಇಟ್ಟ ಜಾಗದಿಂದ ಒಂದು ಗೇಣೂ ಸರಿಸಿಲ್ಲ.

ಕುಂಬಳೆ ಕಡಪ್ಪುರ

ನಡುವೆ ಒಂದು ಪ್ರಶ್ನೆ. 2024ರ ಮೇ 10, 11ರಂದು ದೊಡ್ಡ ಸೌರ ಬಿರುಗಾಳಿ ಬಂದು ಲಡಾಖಿನ ಆಕಾಶ ಕೆಂಪಾಯಿತು ಎಂದು ಪತ್ರಿಕೆಯಲ್ಲಿತ್ತು. ಕಡಲಿಗೆ ಹೋಗುವ ನಮಗೆ ಅಂಥದ್ದು ತಿಳಿದರೆ ಗಾಳಿ ಮಳೆಯ ಮುನ್ಸೂಚನೆ ಸಿಕ್ಕಂತೆಯೇ?

ಹವಾಮಾನ ವಿದ್ಯಾರ್ಥಿ, ಮಂಜೇಶ್ವರ

ಇಲ್ಲ ಅಣ್ಣ. ಆ ಬೆಳಕು ಹೊಳೆದದ್ದು ನೂರು ಕಿಲೋಮೀಟರಿಗಿಂತಲೂ ಮೇಲೆ. ನಮ್ಮ ಮಳೆ ಮೋಡಗಳು ಹದಿನೈದು, ಹೆಚ್ಚೆಂದರೆ ಹದಿನೆಂಟು ಕಿಲೋಮೀಟರಿನ ಒಳಗೆ. ಸೌರ ಬಿರುಗಾಳಿಯಿಂದ ಉಪಗ್ರಹ, ರೇಡಿಯೋ, ದಿಕ್ಕು ತೋರಿಸುವ ಉಪಕರಣಗಳಿಗೆ ತೊಂದರೆಯಾಗಬಹುದು, ಅದಕ್ಕಾಗಿ ಎಚ್ಚರ ಬೇಕು. ಕಡಲಿಗಿಳಿಯುವ ಮುನ್ನ ನೋಡಬೇಕಾದ್ದು ಹವಾಮಾನ ಇಲಾಖೆ ಮೀನುಗಾರರಿಗೆಂದು ಕೊಡುವ ಎಚ್ಚರಿಕೆಯನ್ನೇ.

ಪೆರ್ಲದ ತಂಗಿ

ನೀರ್ಚಾಲಿನ ಕೃಷಿಕರ ತಂಗಿ ನಾನು. ಎರಡು ದಿನದಿಂದ ಓದುತ್ತಿದ್ದೇನೆ. ಅಣ್ಣಾ, ಮಾಪಕ ಸರಿಸಿಲ್ಲ ನಿಜ. ಹಲಸಿನ ಮರವನ್ನು ಮರೆತೆಯಾ?

ಕಟ್ಟೆಯ ಪಡುವಣ ಬದಿಗೆ ಇತ್ತಲ್ಲ, ಬಕ್ಕೆ ಹಲಸು. ನಾನು ಎರಡನೆಯ ತರಗತಿಯಲ್ಲಿದ್ದಾಗ ಬೀಜ ಊರಿದ್ದು, ಅದಕ್ಕೇ ಅದನ್ನು ನನ್ನ ಮರ ಎನ್ನುತ್ತಿದ್ದರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅದರ ಒಂದು ಕೊಂಬೆ ಕಟ್ಟೆಯ ಕಡೆಗೆ ಬಾಗಿತ್ತು, ಹಣ್ಣು ಕೊಯ್ಯಲು ಅಮ್ಮ ಕಟ್ಟೆಯ ಮೇಲೆಯೇ ನಿಲ್ಲುತ್ತಿದ್ದರು. ನೀನು ಉಪ್ಪರಿಗೆ ಕಟ್ಟಿಸಿದ್ದು 2009ರ ಬೇಸಗೆಯಲ್ಲಿ. ಬಾಗಿಲಿಗೆಂದು ಆ ಮರವನ್ನೇ ಕಡಿಸಿದೆ. ನಾನು ಆ ದಿನ ತವರಿಗೆ ಬಂದಿದ್ದೆ, ಊಟ ಸೇರಲಿಲ್ಲ. ನಿನ್ನ ಚಾವಡಿಯ ಹಳದಿ ಬಾಗಿಲು ಈಗಲೂ ಅದೇ.

ಮಳೆಗಾಲದಲ್ಲಿ ಗಾಳಿ ಪಡುವಣದಿಂದಲ್ಲವೇ? ಮರ ಇದ್ದಷ್ಟು ಕಾಲ ಓರೆಯಾಗಿ ಬೀಳುವ ಮಳೆಯನ್ನು ಅದು ತಡೆದಿರಬಹುದಲ್ಲ? ನನಗೆ ವಿಜ್ಞಾನ ಗೊತ್ತಿಲ್ಲ, ನೆನಪಾದದ್ದನ್ನು ಹೇಳಿದೆ.

ಹವಾಮಾನ ವಿದ್ಯಾರ್ಥಿ, ಮಂಜೇಶ್ವರ

ಅಕ್ಕಾ, ನೀವು ಹೇಳಿದ್ದೇ ವಿಜ್ಞಾನ. ಮಳೆಮಾಪಕದ ಹತ್ತಿರ ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು ಎಂಬುದು ನಿಯಮ. ಮರ ನಿಧಾನವಾಗಿ ಬೆಳೆದಂತೆ ಪುಸ್ತಕದ ಮಳೆ ನಿಧಾನವಾಗಿ ಇಳಿದಿದೆ, ಮರ ಕಡಿದ ವರ್ಷದಿಂದ ಏರಿದೆ. ಅದೇ ಹೊತ್ತಿಗೆ ಸೂರ್ಯನೂ ತಳದಿಂದ ಮೇಲೇಳುತ್ತಿದ್ದ.

ಪರೀಕ್ಷಿಸಲು ಸುಲಭ ದಾರಿ ಇದೆ. ಹತ್ತಿರದ, ತೆರೆದ ಜಾಗದ ಇನ್ನೊಂದು ಮಳೆ ಲೆಕ್ಕ ತೆಗೆದುಕೊಳ್ಳಿ. ಎರಡೂ ಕಡೆಯ ಮಳೆಯನ್ನು ವರ್ಷದಿಂದ ವರ್ಷಕ್ಕೆ ಕೂಡಿಸುತ್ತಾ ಹೋಗಿ, ಒಂದರ ಎದುರು ಇನ್ನೊಂದನ್ನು ಗುರುತಿಸಿ. ಎಲ್ಲ ಸರಿ ಇದ್ದರೆ ನೇರ ಗೆರೆ ಬರುತ್ತದೆ. ಎಲ್ಲಿ ಗೆರೆ ಬಾಗಿದೆಯೋ ಅಲ್ಲಿ ಮಾಪಕದ ಸುತ್ತ ಏನೋ ಬದಲಾಗಿದೆ.

ನೀರ್ಚಾಲಿನ ಕೃಷಿಕ

ನಾಲ್ಕು ದಿನ ಬರೆಯಲಿಲ್ಲ. ತಂಗಿಯ ಮಾತು ಓದಿದ ರಾತ್ರಿಯೇ 2009ರ ಪುಸ್ತಕ ತೆಗೆದೆ. ಮೊದಲು ನೋಡಿದಾಗ ನಾನು ಅಂಕಿಗಳನ್ನು ಮಾತ್ರ ನೋಡಿದ್ದೆ. ಏಪ್ರಿಲ್ ಪುಟದ ಅಂಚಿನಲ್ಲಿ, ಮಳೆಯ ಅಂಕಣದ ಹೊರಗೆ, ಪೆನ್ಸಿಲಿನಲ್ಲಿ ಅಪ್ಪ ಬರೆದಿದ್ದಾರೆ: ಹಲಸು ಹೋಯಿತು. ಇನ್ನು ಲೆಕ್ಕ ಬೇರೆ.

ಅಷ್ಟೇ. ಅವರಿಗೆ ಗೊತ್ತಿತ್ತು.

ಮರುದಿನ ನಮ್ಮಿಂದ ಎರಡು ಮೈಲಿ ದೂರದ ಬಂಧುಗಳ ಮನೆಗೆ ಹೋದೆ. ಅವರಲ್ಲೂ ಮಳೆ ಲೆಕ್ಕ ಬರೆಯುವ ಅಭ್ಯಾಸ ಇದೆ, ಮಾಪಕ ಗದ್ದೆಯ ನಡುವೆ. ತಮ್ಮ ಹೇಳಿದಂತೆ ಕೂಡಿಸಿ ಗುರುತಿಸಿದೆ. ಆರಂಭದ ಹದಿನೈದು ವರ್ಷದಷ್ಟು ಗೆರೆ ನೇರ. ಆಮೇಲೆ ಮೆಲ್ಲನೆ ಬಾಗುತ್ತದೆ. 2009ರಿಂದ ಮತ್ತೆ ಮೊದಲಿನ ಓರೆಗೇ ಬರುತ್ತದೆ. ಅವರ ಲೆಕ್ಕದಲ್ಲಿ ನಾನು ಕಂಡ ಆ ಜೋಡಿ ಏರಿಕೆ ಇಲ್ಲ. ಸೂರ್ಯನೆಂದು ನಾನು ತಿಳಿದದ್ದು ನಮ್ಮ ಚಾವಡಿಯ ಬಾಗಿಲು.

ಬೇಸರವಾಯಿತೆಂದು ಹೇಳಲೇಬೇಕು. ಅಪ್ಪನ ಪುಸ್ತಕದಿಂದ ದೊಡ್ಡದೊಂದು ಸಂಗತಿ ಹೊರಬಿತ್ತು ಎಂದು ನಾಲ್ಕು ಜನರಲ್ಲಿ ಹೇಳಿಕೊಂಡಿದ್ದೆ.

ಕೊಳವೆಬಾವಿಯ ಯೋಚನೆ ಬಿಟ್ಟಿದ್ದೇನೆ. ಜನವರಿಯಲ್ಲಿ ಕೆರೆಯ ಹೂಳೆತ್ತಿಸುತ್ತೇನೆ, ಡಿಸೆಂಬರ್ ಮೊದಲ ವಾರ ತೋಡಿಗೆ ನೀರು ತಡೆಯುವ ಕಟ್ಟ ಹಾಕಲು ನೆರೆಕರೆಯವರು ಒಪ್ಪಿದ್ದಾರೆ. ಸಸಿ ನೂರೈವತ್ತಕ್ಕೆ ಇಳಿಸಿದೆ. ಸೂರ್ಯ ತಳದಲ್ಲಿರಲಿ, ಶಿಖರದಲ್ಲಿರಲಿ, 2023ರಂಥ ವರ್ಷ ಮತ್ತೆ ಬಂದೇ ಬರುತ್ತದೆ.

ಮುಳ್ಳೇರಿಯದ ತೋಟ

ನನ್ನ ನೆರೆಯವರಿಗೆ ಇದನ್ನು ಓದಿ ಹೇಳಿದೆ. ಲಾರಿಯವರು ಮುಂಗಡ ಹಿಂದಿರುಗಿಸುವುದಿಲ್ಲವಂತೆ, ಹಾಗಾಗಿ ಕೊರೆಸುತ್ತಾರಂತೆ. ನನಗೆ ಈಗಲೂ ಸೂರ್ಯನ ವಿಷಯದಲ್ಲಿ ಪೂರ್ತಿ ಸಮಾಧಾನವಾಗಿಲ್ಲ, ನರಸಿಂಹ ಅವರಂಥವರು ಕಂಡದ್ದು ಸುಮ್ಮನೆ ಇರಲಾರದು. ಆದರೆ ತಮ್ಮಾ, ಒಂದು ಹೇಳು. ಅಡಿಕೆಗೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಸಿಗದೆ ಈ ವರ್ಷ ಮಹಾಳಿ ಎಂಬ ಕೊಳೆರೋಗಕ್ಕೆ ಅರ್ಧ ಫಸಲು ಹೋಯಿತು. ಆ ಬಿಡುವು ಯಾವಾಗ ಬರುತ್ತದೆ ಎಂದಾದರೂ ತಿಳಿಯುವ ದಾರಿ ಇದೆಯೇ?

ಹವಾಮಾನ ವಿದ್ಯಾರ್ಥಿ, ಮಂಜೇಶ್ವರ

ಆ ಪ್ರಶ್ನೆಗೆ ಉತ್ತರ ಹೆಚ್ಚು ಸಿಗುತ್ತದೆ ಅಣ್ಣ. ಸಮಭಾಜಕದ ಉದ್ದಕ್ಕೂ ಹಿಂದೂ ಸಾಗರದಿಂದ ಪೂರ್ವಕ್ಕೆ ಸಾಗುವ ದೊಡ್ಡ ಮೋಡದ ರಾಶಿಯೊಂದಿದೆ, ಮೂವತ್ತರಿಂದ ಅರುವತ್ತು ದಿನಕ್ಕೊಮ್ಮೆ ಸುತ್ತು ಬರುತ್ತದೆ. ಮುಂಗಾರು ಜೋರಾಗುವುದಕ್ಕೂ ಬಿಡುವು ಕೊಡುವುದಕ್ಕೂ ಅದರ ಪಾಲು ದೊಡ್ಡದು. ಹವಾಮಾನ ಇಲಾಖೆ ಎರಡು, ಮೂರು ವಾರ ಮುಂದಿನದನ್ನು ಹೇಳುವಾಗ ಅದನ್ನು ಗಮನಿಸುತ್ತದೆ. ಕೃಷಿಕರಿಗೆಂದು ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲೆವಾರು ಹವಾಮಾನ ಸಲಹೆ ಬರುತ್ತದೆ. ಮುಂದಿನ ಜೂನ್‌ನಿಂದ ಅದನ್ನು ಇಲ್ಲಿಯೇ ಕನ್ನಡದಲ್ಲಿ ಹಾಕುತ್ತೇನೆ.

ನೀರ್ಚಾಲಿನ ಅಣ್ಣ, ಒಂದು ಬಿನ್ನಹ. ಈಗಿನ ಮಾಪಕವನ್ನು ತೆಗೆಯಬೇಡಿ. ಗದ್ದೆಯ ಬದಿಗೆ ಇನ್ನೊಂದು ಇಟ್ಟು ಎರಡರ ಲೆಕ್ಕವನ್ನೂ ಜೊತೆಯಾಗಿ ಬರೆಯಿರಿ. ಮತ್ತೆ ಆ ಹಲಸಿನ ವರ್ಷಗಳ ಅಂಕಿಗಳನ್ನು ಒರೆಸಬೇಡಿ. ಪಕ್ಕದಲ್ಲಿ ತಿದ್ದಿದ ಅಂಕಿ ಬರೆದರೆ ಸಾಕು.

ನಿವೃತ್ತ ಟೀಚರ್, ಕಾಸರಗೋಡು

ಆ ಪುಸ್ತಕಗಳ ಪ್ರತಿ ಪುಟದ ಚಿತ್ರ ತೆಗೆದು ಇಡೋಣ ಎಂದು ನನ್ನ ಆಸೆ. ನಾನೂ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಬರಬಹುದೇ? ಅಂಚಿನ ಬರಹಗಳನ್ನೂ ಸೇರಿಸಿಯೇ ತೆಗೆಯೋಣ.

ನೀರ್ಚಾಲಿನ ಕೃಷಿಕ

ಭಾನುವಾರ ಬನ್ನಿ ಟೀಚರ್, ಊಟ ಇಲ್ಲಿಯೇ. ತಂಗಿಯೂ ಬರುತ್ತಾಳೆ. 1986ರ ಪುಸ್ತಕದ ಜುಲೈ ಪುಟಗಳು ಒದ್ದೆಯಾಗಿ ಅಂಟಿಕೊಂಡಿವೆ. ಬಿಡಿಸಲು ನಿಧಾನದ ಕೈ ಬೇಕು, ನಾನು ಇಷ್ಟು ವರ್ಷ ಮುಟ್ಟಲು ಹೆದರಿ ಹಾಗೆಯೇ ಇಟ್ಟಿದ್ದೇನೆ.